ಆ ಡೇರೆಯ ಬಾಡಿಗೆ ಯಾರ ಕೈ ಸೇರುತ್ತದೆ?

ಗದಗಿನ ಓದುಗ ಮಿತ್ರರಿಗೆ, ನಮಸ್ಕಾರ.

ಕಳೆದ ಸಂಚಿಕೆಯ ಕೀನ್ಯಾ ಪ್ರವಾಸ ಲೇಖನ ನಿಮಗೆ ಸಿಟ್ಟು ತರಿಸಿದೆ. ನಾಲ್ಕು ಪುಟಗಳ ನಿಮ್ಮ ಪತ್ರವನ್ನು ಇಡಿಯಾಗಿ ಮುದ್ರಿಸಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಹೇಳುತ್ತೇನೆ. ಮಾಸಾಯಿ ಮಾರಾ ಸೀಮೆಯ ನಬೊಯಿಶೋ ಎಂಬಲ್ಲಿರುವ, ಎಂಟೇ ಡೇರೆಗಳ ಒಂದು ಸಫಾರಿ ಕ್ಯಾಂಪಿನ ಬಗ್ಗೆ ನಮ್ಮ ಲೇಖಕಿ ಬರೆದಿದ್ದರು. ಅಲ್ಲಿ ಒಬ್ಬರು ಒಂದು ರಾತ್ರಿ ತಂಗಲು ಕೊಡುವ ಹಣ ನಿವೃತ್ತ ಶಿಕ್ಷಕರಾದ ನಿಮ್ಮ ತಿಂಗಳ ಪಿಂಚಣಿಯನ್ನು ಮೀರುತ್ತದೆ, ಇದನ್ನು ಕನ್ನಡದ ಓದುಗರಿಗೆ ಯಾಕೆ ಬಡಿಸುತ್ತೀರಿ ಎಂದು ಕೇಳಿದ್ದೀರಿ. ಬಟ್ಟೆಯ ಗೋಡೆ, ಬಕೆಟ್ ನೀರಿನ ಸ್ನಾನ, ಸುತ್ತ ಬೇಲಿಯೂ ಇಲ್ಲ; ಇದು ಯಾವ ಸೀಮೆಯ ಐಷಾರಾಮ ಎಂದಿದ್ದೀರಿ. ಹಿತ್ತಾಳೆ ಬೋಗುಣಿ, ಚರ್ಮದ ಪೆಟ್ಟಿಗೆ, ಮಡಚುವ ಕುರ್ಚಿಗಳ ನಡುವೆ ಬ್ರಿಟಿಷ್ ದೊರೆಗಳ ವೇಷ ಹಾಕುವ ಆಟವಿದು ಎಂದಿದ್ದೀರಿ. ಆನೆ ನೋಡುವುದಕ್ಕೆ ನಮ್ಮ ಕಬಿನಿ ಸಾಲದೇ ಎಂದಿದ್ದೀರಿ. ಇಷ್ಟೆಲ್ಲ ಬೈದ ಮೇಲೆ, ನೈರೋಬಿಯಲ್ಲಿ ಕೆಲಸಕ್ಕಿರುವ ಮಗಳು ನಿಮ್ಮಿಬ್ಬರನ್ನೂ ಅಂಥದೇ ಕ್ಯಾಂಪಿಗೆ ಕರೆಯುತ್ತಿದ್ದಾಳೆ, ಹೋಗಬಹುದೇ ಎಂದು ಸಲಹೆಯನ್ನೂ ಕೇಳಿದ್ದೀರಿ. ಆ ಸಲಿಗೆ ನನಗೆ ಹಿಡಿಸಿತು.

ಯಾಕೆ ಪ್ರಕಟಿಸಿದಿರಿ ಎಂಬುದಕ್ಕೆ ಹೆಚ್ಚು ಹೇಳುವುದಿಲ್ಲ. ಎವರೆಸ್ಟ್ ಹತ್ತಿದವರ ಲೇಖನ ಹಾಕಿದಾಗ ಯಾರೂ ಪಿಂಚಣಿಯ ಲೆಕ್ಕ ತೆಗೆಯುವುದಿಲ್ಲ. ವೇಷದ ಮಾತಿಗೆ ಮಾತ್ರ ನನ್ನ ಪೂರ್ಣ ಸಹಮತವಿದೆ. ಈ ಕ್ಯಾಂಪುಗಳ ನೋಟವೆಲ್ಲ ಬಂದದ್ದು ಬೇಟೆಯ ಕಾಲದಿಂದ. 1909ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟ್ ಮಗನನ್ನು ಕಟ್ಟಿಕೊಂಡು ಪೂರ್ವ ಆಫ್ರಿಕಕ್ಕೆ ಹೋದರು. ಹೊರೆಯಾಳುಗಳ ದಂಡನ್ನೇ ನಡೆಸಿಕೊಂಡು ಹೊರಟ ಅಪ್ಪ ಮಗ ಸೇರಿ ಐನೂರಕ್ಕೂ ಹೆಚ್ಚು ದೊಡ್ಡ ಪ್ರಾಣಿಗಳನ್ನು ಹೊಡೆದರು. ಆ ಡೇರೆ, ಆ ಕುರ್ಚಿ, ಸಂಜೆ ಬೆಂಕಿಯ ಸುತ್ತ ಕೂತು ಕುಡಿಯುವ ಆ ಪದ್ಧತಿ ಅಲ್ಲಿಂದ ಹರಿದು ಬಂದದ್ದು. ಕೀನ್ಯಾ 1977ರಲ್ಲೇ ಬೇಟೆಯನ್ನು ನಿಷೇಧಿಸಿತು, ಕುರ್ಚಿಗಳು ಮಾತ್ರ ಉಳಿದುಕೊಂಡವು. ಗ್ರಾಮಫೋನ್ ಇಟ್ಟು ಹಳೆಯ ಹಾಡು ಹಾಕುವ ಕ್ಯಾಂಪುಗಳೂ ಇವೆಯಂತೆ. ಅಂಥ ಕಡೆ ನನಗೂ ನಗು ತಡೆಯಲಾಗುವುದಿಲ್ಲ.

ಬೆಲೆಯ ವಿಷಯಕ್ಕೆ ಬಂದರೆ ನಿಮ್ಮ ವಾದ ಜಾರುತ್ತದೆ. ಒಬ್ಬರಿಗೆ ಒಂದು ರಾತ್ರಿಗೆ ಐನೂರು ಡಾಲರಿಗಿಂತ ಕಡಿಮೆಗೆ ಇಂಥ ಕ್ಯಾಂಪು ಸಿಗುವುದು ಕಷ್ಟ, ಜುಲೈಯಿಂದ ಅಕ್ಟೋಬರ್‌ವರೆಗೆ ಸಾವಿರ ದಾಟಿಸುವವರೂ ಇದ್ದಾರೆ. ಊಟ, ಜೀಪು, ಮಾರ್ಗದರ್ಶಿ ಎಲ್ಲ ಅದರಲ್ಲೇ ಸೇರಿದೆ ಎಂದು ಹೇಳಿ ಸಮಾಧಾನ ಮಾಡುವುದಿಲ್ಲ. ಅವಕ್ಕೆ ಅಷ್ಟು ಖರ್ಚು ಬರುವುದಿಲ್ಲ. ಹಣದ ಒಂದು ದೊಡ್ಡ ಪಾಲು ಹೋಗುವುದು ನೆಲಕ್ಕೆ. ಆ ನೆಲದ ಕತೆ ನಮ್ಮ ಲೇಖನದಲ್ಲಿ ಎರಡು ಸಾಲಿನಲ್ಲಿ ಮುಗಿದಿತ್ತು, ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಾಸಾಯಿಗಳು ದನಗಾಹಿಗಳು. 1904ರಲ್ಲೊಮ್ಮೆ, 1911ರಲ್ಲಿ ಇನ್ನೊಮ್ಮೆ ಬ್ರಿಟಿಷರು ಒಪ್ಪಂದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಅವರನ್ನು ಒಳ್ಳೆಯ ಹುಲ್ಲುಗಾವಲುಗಳಿಂದ ಎಬ್ಬಿಸಿ, ಕೊನೆಗೆ ದಕ್ಷಿಣಕ್ಕೆ ಅಟ್ಟಿದರು. 1961ರಲ್ಲಿ ಆ ದಕ್ಷಿಣದಲ್ಲೂ ಒಂದು ತುಂಡು ವನ್ಯಜೀವಿಗಳಿಗೆಂದು ಮೀಸಲಾಯಿತು. ಇವತ್ತು ಎಲ್ಲರೂ ಮಾಸಾಯಿ ಮಾರಾ ಎಂದು ಕರೆಯುವ 1,510 ಚದರ ಕಿಲೋಮೀಟರಿನ ರಕ್ಷಿತ ಪ್ರದೇಶ ಅದೇ. ಅದರ ಆಡಳಿತ ನರೋಕ್ ಕೌಂಟಿಯದು, ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು. ಟಿಕೆಟ್ ಹಣ ಕೌಂಟಿಯ ಖಜಾನೆಗೆ ಹೋಗುತ್ತದೆ. ಆದರೆ ಸಿಂಹಕ್ಕೂ ಆನೆಗೂ ಆ ಗಡಿ ಗೊತ್ತಿಲ್ಲ. ಅವು ಪಕ್ಕದ ಮಾಸಾಯಿ ಜಮೀನುಗಳಲ್ಲೂ ಅಷ್ಟೇ ಸಲೀಸಾಗಿ ತಿರುಗುತ್ತವೆ. ಕೀನ್ಯಾದ ವನ್ಯಜೀವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬದುಕುವುದೇ ಹೀಗೆ, ರಕ್ಷಿತ ಪ್ರದೇಶಗಳ ಹೊರಗೆ.

ಈ ಜಮೀನುಗಳು ಮೊದಲು ಇಡೀ ಸಮುದಾಯದ ಹೆಸರಿನಲ್ಲಿದ್ದವು. ತೊಂಬತ್ತರ ದಶಕದ ಕೊನೆಯಿಂದೀಚೆಗೆ ಅವನ್ನು ಪಾಲು ಮಾಡಿ ಒಬ್ಬೊಬ್ಬರ ಹೆಸರಿಗೆ ಹಕ್ಕುಪತ್ರ ಕೊಟ್ಟರು. ಕೊಯಿಯಾಕಿ ಎಂಬ ಭಾಗದಲ್ಲಿ ಒಂದು ಪಾಲು ಸುಮಾರು 150 ಎಕರೆ. ಪಾಲಾದ ಜಮೀನಿಗೆ ಮುಂದೇನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ: ಬೇಲಿ ಬೀಳುತ್ತದೆ, ಇಲ್ಲವೇ ಮಾರಾಟವಾಗುತ್ತದೆ, ಇಲ್ಲವೇ ನೇಗಿಲು ಬರುತ್ತದೆ. ನೇಗಿಲು ಬಂದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಲೋಯಿಟಾ ಬಯಲೇ ಸಾಕ್ಷಿ. ಅಲ್ಲಿ ದೊಡ್ಡ ಯಂತ್ರಗಳಿಂದ ಗೋಧಿ ಬಿತ್ತತೊಡಗಿದ ಮೇಲೆ, ಆ ಸೀಮೆಯಲ್ಲೇ ಹುಟ್ಟಿ ಬೆಳೆಯುವ ವಿಲ್ಡಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಸಂಖ್ಯೆ 1977ರ ಸುಮಾರು 1,19,000ದಿಂದ 1997ರ ಹೊತ್ತಿಗೆ ಸುಮಾರು 22,000ಕ್ಕೆ ಕುಸಿಯಿತು. ಟಿವಿಯಲ್ಲಿ ನಾವು ನೋಡುವ, ಟಾಂಜಾನಿಯಾದ ಸೆರೆಂಗೆಟಿಯಿಂದ ನದಿ ದಾಟಿ ಬರುವ ಲಕ್ಷಾಂತರದ ಹಿಂಡು ಬೇರೆ. ನಾನು ಹೇಳುತ್ತಿರುವುದು ಊರಿನವೇ ಆದ ಪ್ರಾಣಿಗಳನ್ನು.

ಈ ಹಂತದಲ್ಲಿ ಹುಟ್ಟಿದ್ದು ಕನ್ಸರ್ವೆನ್ಸಿ ಎಂಬ ಏರ್ಪಾಡು. ಅಕ್ಕಪಕ್ಕದ ಹಕ್ಕುದಾರರು ಒಟ್ಟುಗೂಡಿ, ಬೇಲಿ ಹಾಕದೆ, ಉಳದೆ, ತಮ್ಮ ಮನೆಗಳನ್ನು ಅಂಚಿಗೆ ಸರಿಸಿ, ಜಮೀನನ್ನು ಪ್ರವಾಸೋದ್ಯಮದವರಿಗೆ ಗುತ್ತಿಗೆಗೆ ಕೊಡುತ್ತಾರೆ. ನಬೊಯಿಶೋ 2010ರಲ್ಲಿ ಹೀಗೆ ಕೂಡಿಕೊಂಡದ್ದು. ಸುಮಾರು 50,000 ಎಕರೆ, ಐನೂರಕ್ಕೂ ಹೆಚ್ಚು ಹಕ್ಕುದಾರರು. ಪ್ರವಾಸಿಗಳು ಬರಲಿ ಬಿಡಲಿ, ಎಕರೆಯ ಲೆಕ್ಕದಲ್ಲಿ ಬಾಡಿಗೆ ಅವರ ಖಾತೆಗೆ ಹೋಗಬೇಕು ಎಂಬುದು ಕರಾರು. ಡೇರೆಗಳಿಗೂ ಮಿತಿ ಉಂಟು. 350 ಎಕರೆಗೆ ಒಂದು ಡೇರೆ ಎಂಬುದು ಈ ಭಾಗದಲ್ಲಿ ರೂಢಿಯಾಗಿರುವ ಲೆಕ್ಕ, ನೆರೆಯ ಓಲಾರೆ ಮೊಟೊರೊಗಿ ಎಂಬ ಕನ್ಸರ್ವೆನ್ಸಿಯಲ್ಲಿ 700 ಎಕರೆಗೆ ಒಂದು.

ಗಣಿತದ ಮೇಷ್ಟ್ರಿಗೆ ನಾನು ಲೆಕ್ಕ ಹೇಳಿಕೊಡುವುದು ಅಧಿಕಪ್ರಸಂಗ, ಆದರೂ ಕೇಳಿ. ಒಂದು ಪಾಲು 150 ಎಕರೆ, ಒಂದು ಡೇರೆಗೆ 350 ಎಕರೆ. ಅಂದರೆ ಆ ಒಂದು ಡೇರೆಯಲ್ಲಿ ಮಲಗುವ ಇಬ್ಬರು ಅತಿಥಿಗಳ ಹಣದಲ್ಲಿ ಎರಡಕ್ಕಿಂತ ಹೆಚ್ಚು ಮನೆಗಳ ಜಮೀನಿನ ವರ್ಷದ ಬಾಡಿಗೆ ಹುಟ್ಟಬೇಕು. ಖಾಲಿ ಇದ್ದ ರಾತ್ರಿಗಳದೂ ಅದರಲ್ಲೇ ಹೊರಡಬೇಕು. ದರ ಇಳಿಸಬೇಕಾದರೆ ಡೇರೆ ಹೆಚ್ಚಿಸಬೇಕು. ಡೇರೆ ಹೆಚ್ಚಾದರೆ ಜೀಪು ಹೆಚ್ಚು. ರಕ್ಷಿತ ಪ್ರದೇಶದ ಒಳಗೆ ಆಗಸ್ಟ್ ತಿಂಗಳಲ್ಲಿ ಮಾರಾ ನದಿಯ ದಂಡೆಗೆ ಹೋದವರನ್ನು ಕೇಳಿ, ವಿಲ್ಡಬೀಸ್ಟ್ ದಾಟುವ ಜಾಗದಲ್ಲಿ ಹತ್ತಾರು ವಾಹನಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಕನ್ಸರ್ವೆನ್ಸಿಯಲ್ಲಿ ಒಂದು ಸಿಂಹದ ಬಳಿ ಐದು ವಾಹನ ಮೀರುವಂತಿಲ್ಲ. ನಡೆದು ಸುತ್ತಬಹುದು, ರಾತ್ರಿ ಸಫಾರಿಗೂ ಹೋಗಬಹುದು. ರಕ್ಷಿತ ಪ್ರದೇಶದಲ್ಲಿ ರಾತ್ರಿ ಸಫಾರಿಗೆ ಅವಕಾಶವಿಲ್ಲ. ನಮ್ಮ ಲೇಖಕಿ ಹಾಸಿಗೆಯ ಮೆತ್ತನೆಯನ್ನು ಒಂದು ಪ್ಯಾರಾ ಹೊಗಳಿದ್ದು ನನಗೂ ರುಚಿಸಲಿಲ್ಲ. ಅಲ್ಲಿ ದುಬಾರಿಯಾದದ್ದು ಹಾಸಿಗೆಯಲ್ಲ, ಸುತ್ತಲಿನ ಬಯಲು.

ಇನ್ನು ಕಬಿನಿ. ಕಬಿನಿಯ ಬಗ್ಗೆ ನಿಮಗಿರುವ ಹೆಮ್ಮೆ ನನಗೂ ಇದೆ. ಕರ್ನಾಟಕ ಸರ್ಕಾರ 1980ರಲ್ಲಿ ಜಂಗಲ್ ಲಾಡ್ಜಸ್ ಕಟ್ಟಿದಾಗ ದೇಶದಲ್ಲಿ ಅಂಥದ್ದು ಅಪರೂಪವಾಗಿತ್ತು, ಬೇಸಿಗೆಯಲ್ಲಿ ಹಿನ್ನೀರಿನ ದಂಡೆಗೆ ಇಳಿಯುವ ಆನೆಗಳ ಹಿಂಡಿಗೆ ಸಮನಾದದ್ದನ್ನು ಆಫ್ರಿಕದಲ್ಲೂ ಹುಡುಕಿ ನೋಡಬೇಕು. ಆದರೆ ನೀವು ಬೆಲೆಯನ್ನು ಹೋಲಿಸಿದಿರಿ, ನಾನು ಬಾಡಿಗೆಯನ್ನು ಹೋಲಿಸುತ್ತೇನೆ. ನಾಗರಹೊಳೆಯ ಕಾಡಿನಲ್ಲಿ ಜೇನು ಕುರುಬರು, ಬೆಟ್ಟ ಕುರುಬರು, ಯರವರು ಇದ್ದರು. ಬಹಳಷ್ಟು ಕುಟುಂಬಗಳು ಹೊರಗೆ ಬಂದವು, ಕೆಲವು ಪರಿಹಾರ ಪಡೆದು, ಕೆಲವು ಅದೂ ಇಲ್ಲದೆ. ಇವತ್ತು ಅವರ ಹಳೆಯ ಹಾಡಿಗಳ ಪಕ್ಕದಲ್ಲಿ ಹಾದುಹೋಗುವ ಸಫಾರಿ ಜೀಪಿನ ಟಿಕೆಟಿನಿಂದ ಅವರ ಖಾತೆಗೆ ತಿಂಗಳು ತಿಂಗಳು ಬಾಡಿಗೆ ಬರುವುದಿಲ್ಲ. ತೊಂಬತ್ತರ ದಶಕದಲ್ಲಿ ಆ ಕಾಡಿನೊಳಗೇ ಒಂದು ದೊಡ್ಡ ಹೋಟೆಲ್ ಸಂಸ್ಥೆಗೆ ಕಟ್ಟಡಗಳನ್ನು ಗುತ್ತಿಗೆಗೆ ಕೊಡಲಾಗಿತ್ತು. ಆದಿವಾಸಿಗಳು ಹೋರಾಡಿ ಹೈಕೋರ್ಟಿಗೆ ಹೋದರು, 1997ರಲ್ಲಿ ತೀರ್ಪು ಗುತ್ತಿಗೆಯ ವಿರುದ್ಧ ಬಂತು. 2025ರ ಮೇ ತಿಂಗಳಲ್ಲಿ ಹಲವು ಜೇನು ಕುರುಬ ಕುಟುಂಬಗಳು ಅರಣ್ಯ ಹಕ್ಕು ಕಾಯ್ದೆಯ ಹೆಸರು ಹೇಳಿ ತಮ್ಮ ಹಳೆಯ ನೆಲೆಗೆ ವಾಪಸ್ ನಡೆದವು. ನಮ್ಮಲ್ಲಿ ಸಫಾರಿ ಅಗ್ಗವಾಗಿರುವುದಕ್ಕೆ ನೆಲ ಸರ್ಕಾರದ್ದಾಗಿರುವುದೂ ಒಂದು ಕಾರಣ.

ಹಾಗೆಂದು ಮಾಸಾಯಿಗಳ ಏರ್ಪಾಡು ಕುಂದಿಲ್ಲದ್ದೆಂದು ನಾನು ಸಾಧಿಸುತ್ತಿಲ್ಲ. ಹಕ್ಕುಪತ್ರಗಳು ಬಹುಪಾಲು ಗಂಡಸರ ಹೆಸರಿನಲ್ಲಿವೆ, ಬಾಡಿಗೆಯೂ ಅವರ ಕೈಗೇ ಹೋಗುತ್ತದೆ. ಮನೆ ಸರಿಸುವಾಗ ಗೋಡೆ ಕಟ್ಟುವ ಕೆಲಸ ಮಾತ್ರ ಹೆಂಗಸರದು, ಮಾಸಾಯಿಗಳಲ್ಲಿ ಮನೆ ಕಟ್ಟುವವರೇ ಅವರು. ದನ ಮೇಯಿಸಲು ಸರದಿಯ ಕಟ್ಟಳೆ ಇದೆ, ಮೀರಿದರೆ ದಂಡವಿದೆ. ಬರಗಾಲದಲ್ಲಿ ಎದುರಿಗೆ ಹುಲ್ಲು ನಿಂತಿರುವಾಗ ಈ ಕಟ್ಟಳೆ ಎಷ್ಟು ಕಹಿ ಎಂದು ದನ ಸಾಕಿದವರಿಗೆ ಗೊತ್ತು. ಪಾಲು ಹಂಚುವ ದಿನ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಇವತ್ತಿಗೂ ಏನೂ ಇಲ್ಲ. 2020ರಲ್ಲಿ ಕೋವಿಡ್ ಬಂದು ವಿಮಾನಗಳು ನಿಂತಾಗ, ಬಂದರೂ ಬರದಿದ್ದರೂ ಬಾಡಿಗೆ ಎಂಬ ಕರಾರು ಹಲವು ಕಡೆ ಕಡಿತಕ್ಕೆ ಒಳಗಾಯಿತು. ದೂರದೇಶದ ಶ್ರೀಮಂತರ ರಜೆಯನ್ನು ನಂಬಿ ಕಾಡು ಉಳಿಸುವುದರ ಅಪಾಯ ಆಗ ಕಣ್ಣಿಗೆ ಕಂಡಿತು. ಇಷ್ಟಿದ್ದರೂ, ಗೋಧಿ ಹೊಲ ಒಂದು ಕಡೆ, ತಂತಿಬೇಲಿ ಇನ್ನೊಂದು ಕಡೆ ಇರುವಾಗ, ನಾನು ಕಂಡ ಮಟ್ಟಿಗೆ ಇದಕ್ಕಿಂತ ಮರ್ಯಾದೆಯ ದಾರಿ ಅಲ್ಲಿ ಯಾರೂ ತೋರಿಸಿಲ್ಲ.

ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಹೋಗಿ ಬನ್ನಿ. ದುಡ್ಡು ಕೊಡುವ ಮೊದಲು ಮಗಳು ಕ್ಯಾಂಪಿನವರನ್ನು ನೇರವಾಗಿ ಕೇಳಲಿ. ನೆಲ ಯಾರದು, ಎಕರೆಗೆ ಎಷ್ಟು ಕೊಡುತ್ತೀರಿ, ಕೆಲಸಗಾರರಲ್ಲಿ ಆ ಊರಿನವರು ಎಷ್ಟು ಮಂದಿ, ಕೋವಿಡ್ ಕಾಲದಲ್ಲಿ ಬಾಡಿಗೆ ಕೊಟ್ಟಿರಾ? ಒಳ್ಳೆಯ ಕ್ಯಾಂಪಿನವರಿಗೆ ಈ ಪ್ರಶ್ನೆಗಳು ಇಷ್ಟ, ಗಂಟೆಗಟ್ಟಲೆ ಉತ್ತರಿಸುತ್ತಾರೆ. ಸಮುದಾಯಕ್ಕೆ ಶಾಲೆ ಕಟ್ಟಿಸಿದ್ದೇವೆ ಎಂದು ಫೋಟೋ ತೋರಿಸಿ ಮಾತು ತಿರುಗಿಸಿದರೆ ಬೇರೆ ಕಡೆ ನೋಡಿ. ಮಾರ್ಗದರ್ಶಿ ಯಾರು ಎಂದೂ ಕೇಳಿ. 2005ರಲ್ಲಿ ಶುರುವಾದ ಕೊಯಿಯಾಕಿ ಮಾರ್ಗದರ್ಶಿ ಶಾಲೆಯಲ್ಲಿ ಕಲಿತ ಮಾಸಾಯಿ ಯುವಕ ಯುವತಿಯರು ಅಲ್ಲಿದ್ದಾರೆ. ಹೆಜ್ಜೆಯ ಗುರುತು ನೋಡಿ ಚಿರತೆ ಎತ್ತ ಹೋಯಿತು ಎನ್ನಬಲ್ಲವರು ಜೊತೆಗಿದ್ದರೆ ಹಿತ್ತಾಳೆ ಬೋಗುಣಿ ಕಣ್ಣಿಗೇ ಬೀಳುವುದಿಲ್ಲ.

ಬೇಲಿ ಇಲ್ಲವೆಂದು ನಿಮ್ಮ ಮನೆಯವರು ಹೆದರಿದ್ದಾರೆಂದು ಬರೆದಿದ್ದೀರಿ. ಕತ್ತಲಾದ ಮೇಲೆ ಡೇರೆಯಿಂದ ಊಟದ ಜಾಗಕ್ಕೆ ಒಬ್ಬರೇ ಹೋಗುವಂತಿಲ್ಲ, ಟಾರ್ಚ್ ಹಿಡಿದ ಅಸ್ಕಾರಿ ಬಂದೇ ಕರೆದೊಯ್ಯಬೇಕು. ಅಲ್ಲಿನ ಕಾವಲುಗಾರರಿಗೆ ಅದೇ ಹೆಸರು. ರಾತ್ರಿ ಕತ್ತೆಕಿರುಬ ಕೂಗುತ್ತದೆ, ಸಿಂಹದ ಗರ್ಜನೆ ಎಂಟು ಕಿಲೋಮೀಟರ್ ದೂರದಿಂದಲೂ ಕೇಳಬಲ್ಲದು, ಹಾಸಿಗೆಯ ಪಕ್ಕದಲ್ಲೇ ಇದ್ದಂತೆ ಅನ್ನಿಸುತ್ತದೆ. ಜಿಪ್ ಎಳೆದು ಒಳಗೇ ಇರುವವರೆಗೆ ಪ್ರಾಣಿಗಳು ಡೇರೆಯನ್ನು ಬಂಡೆಯೆಂಬಂತೆ ಸುತ್ತುಬಳಸಿ ಹೋಗುತ್ತವೆ. ಮೊದಲ ರಾತ್ರಿ ನನಗೂ ನಿದ್ದೆ ಬಂದಿರಲಿಲ್ಲ. ಬಕೆಟ್ ಸ್ನಾನವೆಂದರೆ ಇಪ್ಪತ್ತು ಲೀಟರಿನಷ್ಟು ಬಿಸಿನೀರನ್ನು ಮೇಲಿನ ತೊಟ್ಟಿಗೆ ತುಂಬುತ್ತಾರೆ. ಬೇಸಿಗೆಯ ಗದಗು ಕಂಡವರಿಗೆ ಅದು ಧಾರಾಳ. ಊಟದ ಚಿಂತೆ ಬೇಡ: ಚಪಾತಿ ಕೀನ್ಯಾದವರ ಮನೆಯೂಟವೇ ಆಗಿಬಿಟ್ಟಿದೆ, ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ ಎಲ್ಲೆಡೆ ಸಿಗುತ್ತದೆ. ಸಸ್ಯಾಹಾರವೆಂದು ಮೊದಲೇ ತಿಳಿಸಿದರೆ ಸಾಕು.

ಏಪ್ರಿಲ್, ಮೇ ತಿಂಗಳು ಬೇಡ. ಮಳೆ ಬಿದ್ದರೆ ಅಲ್ಲಿನ ನೆಲ ನಿಮ್ಮ ಊರಿನ ಎರೆಭೂಮಿಯೇ ಸರಿ, ಜೀಪು ಹೂತರೆ ದಿನವೇ ಹೋಯಿತು. ಜನವರಿ, ಫೆಬ್ರವರಿ ಒಳ್ಳೆಯದು, ದರವೂ ಆಗಸ್ಟ್‌ಗಿಂತ ಇಳಿದಿರುತ್ತದೆ. ಕೀನ್ಯಾದಲ್ಲಿ ನೆಲೆಸಿದವರಿಗೆ ಹಲವು ಕ್ಯಾಂಪುಗಳು ಕಡಿಮೆ ದರ ಕೊಡುತ್ತವೆ, ಅದು ಮಗಳಿಗೆ ಸಿಗಬಹುದು, ನಿಮಗಿಲ್ಲ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಹಾರುವ ಪುಟ್ಟ ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಸಾಮಾನಿಗಷ್ಟೇ ಅವಕಾಶ, ಅದೂ ಮೆತ್ತನೆಯ ಚೀಲದಲ್ಲಿ. ಪ್ಲಾಸ್ಟಿಕ್ ಚೀಲಗಳನ್ನು ಆ ದೇಶ 2017ರಲ್ಲೇ ನಿಷೇಧಿಸಿದೆ, ಮನೆಯಲ್ಲೇ ಬಿಟ್ಟುಹೋಗಿ. ಎತ್ತರದ ಪ್ರದೇಶವಾದ್ದರಿಂದ ಬೆಳಗಿನ ಜೀಪಿನಲ್ಲಿ ಸ್ವೆಟರ್ ಬೇಕೇ ಬೇಕು.

ಟಿಕೆಟ್ ತೆಗೆಯುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಕೀನ್ಯಾದಿಂದ ಭಾರತಕ್ಕೆ ಮರಳುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಪ್ರತ್ಯೇಕ ವಾಸಕ್ಕೆ ಕಳುಹಿಸುತ್ತಾರೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ, ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಿಕೊಳ್ಳಬೇಕು. ಅರವತ್ತು ದಾಟಿದವರಲ್ಲಿ ಇದರ ಅಡ್ಡಪರಿಣಾಮದ ಸಾಧ್ಯತೆ ಹೆಚ್ಚು. ನೀವಿಬ್ಬರೂ ಮೊದಲು ನಿಮ್ಮ ವೈದ್ಯರನ್ನು ಕಾಣಿರಿ, ಅವರು ಹೂಂ ಎಂದ ಮೇಲೆ ಮಗಳಿಗೆ ಫೋನ್ ಮಾಡಿ.

— ಸಂಪಾದಕ