ಸೊಗದೆ ಬೇರಿನ ಚಹಾ: ಘಮ ಲೋಟದಲ್ಲೇ ಉಳಿಯಬೇಕಾದರೆ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ತವರು ಸಿದ್ದಾಪುರದ ಹತ್ತಿರದ ಹಳ್ಳಿ. ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಅಜ್ಜಿ ಚಹಾದ ಬದಲು ಸೊಗದೆ ಬೇರಿನ ಕಷಾಯ ಕೊಡುತ್ತಿದ್ದಳು. ಲೋಟ ಬಾಯಿಗಿಡುವ ಮೊದಲೇ ಘಮ ಮೂಗಿಗೆ ಬರುತ್ತಿತ್ತು. ಈಗ ಬೆಂಗಳೂರಿನಲ್ಲಿದ್ದೇನೆ. ಗ್ರಂಥಿಗೆ ಅಂಗಡಿಯಿಂದ ಬೇರು ತಂದು ಇಪ್ಪತ್ತು ನಿಮಿಷ ಕುದಿಸಿದೆ. ಸಿಕ್ಕಿದ್ದು ಕಂದು ಬಣ್ಣದ ಒಗರು ನೀರು. ನಾನು ತಂದದ್ದು ಸೊಗದೆಯೇ ಅಲ್ಲವೋ, ಮಾಡಿದ ಕ್ರಮವೇ ತಪ್ಪೋ? ಊರಿಗೆ ಹೋದಾಗ ಬೇಣದ ಹುಲ್ಲುಗಾವಲಿನಲ್ಲಿ ನಾನೇ ಹುಡುಕಿ ತರಬಹುದೇ? ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಇದೆ, ಅವರು ಕುಡಿಯಬಹುದೇ?

ಉತ್ತರ: ಬೇರು ಹಳತೂ ಆಗಿರಬಹುದು, ಬೇರೆ ಗಿಡದ್ದೂ ಆಗಿರಬಹುದು. ಆದರೆ ಇಪ್ಪತ್ತು ನಿಮಿಷ ಕುದಿಸಿದರೆ ಎಷ್ಟೇ ಒಳ್ಳೆಯ ಸೊಗದೆಯಾದರೂ ಅದರ ಘಮ ಆವಿಯ ಜೊತೆ ಹೋಗಿಬಿಡುತ್ತದೆ. ಕುದಿಸುವಾಗ ಅಡುಗೆಮನೆಯೆಲ್ಲ ಘಮಘಮ ಅಂದಿತ್ತೇ, ನೆನಪು ಮಾಡಿಕೊಳ್ಳಿ. ಅಂದಿದ್ದರೆ ಬೇರು ಬಹುಶಃ ಅಸಲಿಯೇ. ಲೋಟಕ್ಕೆ ಬರಬೇಕಾದದ್ದು ಗಾಳಿಗೆ ಹೋಯಿತು, ಅಷ್ಟೆ.

ಸೊಗದೆಯ ಪರಿಮಳಕ್ಕೆ ಮುಖ್ಯ ಕಾರಣ ಒಂದೇ ಒಂದು ರಾಸಾಯನಿಕ. ವೆನಿಲ್ಲಾಕ್ಕೆ ಘಮ ಕೊಡುವ ವೆನಿಲಿನ್‌ಗೆ ಅದು ಒಡಹುಟ್ಟಿದ್ದು ಅನ್ನಬಹುದು. ಎರಡರಲ್ಲೂ ಇರುವ ಪರಮಾಣುಗಳು ಅವೇ, ಸಂಖ್ಯೆಯೂ ಅಷ್ಟೇ. ಜೋಡಣೆ ಮಾತ್ರ ಬೇರೆ. ಅದು ನೀರಿನ ಹಬೆಯ ಜೊತೆ ಸುಲಭವಾಗಿ ಹಾರಿಹೋಗುತ್ತದೆ. ಇನ್ನೊಂದು ಮಾತು, ಅದು ಇರುವುದು ಹೆಚ್ಚಾಗಿ ಬೇರಿನ ಸಿಪ್ಪೆಯಲ್ಲಿ. ನಡುವಿನ ಬೆಳ್ಳಗಿನ ಗಟ್ಟಿ ಕಡ್ಡಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಿಮ್ಮ ಅಜ್ಜಿಗೆ ಈ ರಸಾಯನಶಾಸ್ತ್ರ ಬೇಕಿರಲಿಲ್ಲ. ಬೇರನ್ನು ಗುಂಡುಕಲ್ಲಿನಿಂದ ಜಜ್ಜಿ, ಕಡ್ಡಿ ಎಳೆದು ಬಿಸಾಕಿ, ಸಿಪ್ಪೆಯನ್ನಷ್ಟೇ ಪಾತ್ರೆಗೆ ಹಾಕಿ ತಟ್ಟೆ ಮುಚ್ಚಿಡುತ್ತಿದ್ದದ್ದು ನಿಮಗೂ ನೆನಪಿರಬಹುದು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ನಾನು ಕಂಡ ಕ್ರಮ ಇದೇ. ಆ ಮುಚ್ಚಳದ ಮೇಲೆ ನನಗೆ ಬಹಳ ಗೌರವ.

ಮಾಡುವ ಬಗೆ ಹೀಗೆ. ಒಣಗಿದ ಬೇರಾದರೆ ಜಜ್ಜಿದ ಸಿಪ್ಪೆ ಒಂದು ಲೋಟಕ್ಕೆ ಒಂದು ಚಹಾ ಚಮಚದಷ್ಟು ಸಾಕು. ಹಸಿ ಬೇರಾದರೆ ಅದರ ಎರಡರಷ್ಟು. ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಲೆ ಆರಿಸಿ, ಆಮೇಲೆ ಸಿಪ್ಪೆ ಹಾಕಿ ಬಿಗಿಯಾಗಿ ಮುಚ್ಚಿಡಿ. ಹತ್ತು ನಿಮಿಷ ಮುಟ್ಟಬೇಡಿ. ಮುಚ್ಚಳದ ಒಳಗೆ ನಿಂತ ಹನಿಗಳನ್ನೂ ಪಾತ್ರೆಗೇ ತಟ್ಟಿ, ಆಮೇಲೆ ಸೋಸಿ. ಬೆಲ್ಲ ಬೇಕಾದರೆ ಈಗ ಕರಗಿಸಿ. ಹಾಲು ಹಾಕುವವರು ಬೇರೆ ಪಾತ್ರೆಯಲ್ಲಿ ಕಾಯಿಸಿ ಕೊನೆಗೆ ಬೆರೆಸಿ. ಬೆಲ್ಲ ಹಾಕಿದ ಹಾಲನ್ನು ಮತ್ತೆ ಒಲೆಯ ಮೇಲಿಟ್ಟರೆ ಒಡೆಯುವ ಸಂಭವ ಹೆಚ್ಚು. ಕೊತ್ತಂಬರಿ, ಜೀರಿಗೆ ಸೇರಿಸುವ ರೂಢಿಯಿದ್ದರೆ ಅವನ್ನು ಮೊದಲು ನೀರಿನಲ್ಲಿ ಕುದಿಸಿಕೊಳ್ಳಿ, ಸೊಗದೆಯ ಸರದಿ ಒಲೆ ಆರಿದ ಮೇಲೆಯೇ. ಶುಂಠಿ, ಏಲಕ್ಕಿ ನಾನಂತೂ ಹಾಕುವುದಿಲ್ಲ. ಸೊಗದೆಯದು ಮೆತ್ತನೆಯ ಪರಿಮಳ, ಅವುಗಳ ಎದುರು ನಿಲ್ಲುವುದಿಲ್ಲ.

ಬೇಸಿಗೆಯಲ್ಲಿ ಇನ್ನೂ ಸುಲಭದ ದಾರಿ ಉಂಟು. ಜಜ್ಜಿದ ಸಿಪ್ಪೆಯನ್ನು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ ಕುಡಿಯುವುದು. ಆಯುರ್ವೇದದಲ್ಲಿ ಇದಕ್ಕೆ ಹಿಮ ಎಂದು ಹೆಸರು, ಒಂದು ಪಾಲು ಮದ್ದಿಗೆ ಆರು ಪಾಲು ನೀರು. ಬಿಸಿನೀರಿನಲ್ಲಿ ಅದ್ದಿಡುವುದು ಫಾಂಟ, ಅದಕ್ಕೆ ನಾಲ್ಕು ಪಾಲು. ಅವು ಮದ್ದಿನ ಅಳತೆಗಳು. ದಿನಾ ಕುಡಿಯುವ ಚಹಾ ಅಷ್ಟು ಗಟ್ಟಿ ಬೇಕಾಗಿಲ್ಲ. ಪರಿಮಳದ ಮದ್ದನ್ನು ಕುದಿಸಿ ಬತ್ತಿಸಬಾರದು ಎಂಬ ತಿಳಿವಳಿಕೆ ಈ ಹೆಸರುಗಳಷ್ಟೇ ಹಳೆಯದು ಎನ್ನುವುದನ್ನು ಮಾತ್ರ ಗಮನಿಸಿ.

ಈಗ ಬೇರು ಗುರುತಿಸುವ ಮಾತು. ಇದರ ಶಾಸ್ತ್ರೀಯ ಹೆಸರು ಹೆಮಿಡೆಸ್ಮಸ್ ಇಂಡಿಕಸ್. ಸಂಸ್ಕೃತದ ಸಾರಿವಾ, ಹಿಂದಿಯ ಅನಂತಮೂಲ, ತಮಿಳಿನ ನನ್ನಾರಿ ಎಲ್ಲ ಇದೇ. ಶ್ರೀಲಂಕಾದಲ್ಲಿ ಇರಮುಸು ಎನ್ನುತ್ತಾರೆ, ಅಲ್ಲೂ ಬೆಲ್ಲದ ಜೊತೆ ಬಿಸಿಬಿಸಿಯಾಗಿ ಕುಡಿಯುವ ರೂಢಿಯಿದೆ. ಬೇಣ, ಗೇರುಗುಡ್ಡೆ, ಬೇಲಿಸಾಲು, ಜಂಬಿಟ್ಟಿಗೆಯ ಒಣ ನೆಲ ಇದರ ಮನೆ. ತೆಳ್ಳಗೆ ನೂಲಿನಂಥ ಬಳ್ಳಿ, ನೆಲದ ಮೇಲೆ ಹರಡಿರುತ್ತದೆ ಇಲ್ಲವೇ ಪೊದೆಗೆ ಸುತ್ತಿಕೊಂಡಿರುತ್ತದೆ. ಎಲೆಗಳು ಎದುರುಬದುರು. ಒಂದೇ ಬಳ್ಳಿಯಲ್ಲಿ ಬಿದಿರೆಲೆಯಂತೆ ಸಪೂರ ಎಲೆಯೂ ಅಗಲ ಎಲೆಯೂ ಸಿಗಬಹುದು, ಹೊಸಬರು ಮೋಸಹೋಗುವುದು ಇಲ್ಲೇ. ಎಲೆಯ ನಡುನರದ ಗುಂಟ ನಾಮ ಎಳೆದ ಹಾಗೆ ಬಿಳಿ ಗೆರೆ ಕಾಣುತ್ತದೆ. ನಾಮದ ಬೇರು ಎಂಬ ಹೆಸರೂ ಇದಕ್ಕುಂಟು. ಚಿವುಟಿದರೆ ಹಾಲು ಬರುತ್ತದೆ.

ಹಾಲು ಬಂದ ಮಾತ್ರಕ್ಕೆ ಸೊಗದೆಯೆಂದು ನಂಬಬೇಡಿ. ಇದರ ಬಳಗದ ಬಳ್ಳಿಗಳಲ್ಲಿ ಬಹುಪಾಲು ಹಾಲು ಸುರಿಸುವಂಥವೇ, ಕೆಲವು ವಿಷವೂ ಹೌದು. ಹೆಸರಿನ ಗೊಂದಲ ಇನ್ನೊಂದು. ಸೊಗದೆ ಅನಂತಮೂಲವಾದರೆ, ಅಂತಮೂಲ ಎಂಬ ಬೇರೆಯೇ ಬಳ್ಳಿ ಇದೆ. ಅದು ಹೊಟ್ಟೆಗೆ ಹೋದರೆ ವಾಂತಿ ಬರಿಸುತ್ತದೆ. ಒಂದು ಅಕ್ಷರ ತಪ್ಪಿ ಕೇಳಿಸಿಕೊಂಡವರಿಗೆ ಎಂಥ ಫಜೀತಿಯಾದೀತು ನೋಡಿ. ಹಾಗಾಗಿ ಕೊನೆಯ ತೀರ್ಪು ಮೂಗಿನದ್ದೇ. ಬೇರಿನ ತುದಿ ತೆಗೆದುಕೊಂಡು ಉಗುರಿನಿಂದ ಕೆರೆಯಿರಿ. ಹೊರಗೆ ಕಡುಕಂದು, ಅಲ್ಲಲ್ಲಿ ಅಡ್ಡಕ್ಕೆ ಸೀಳು ಬಿಟ್ಟ ಸಿಪ್ಪೆ. ಒಳಗೆ ತೆಳು ಬಣ್ಣದ ಕಡ್ಡಿ. ಕೆರೆದ ಕೂಡಲೇ ಸಿಹಿ ಘಮ ಬರಬೇಕು, ಉಗುರಿನಲ್ಲೂ ಉಳಿಯಬೇಕು. ಘಮ ಇಲ್ಲದಿದ್ದರೆ ಅಲ್ಲೇ ಬಿಟ್ಟುಬಿಡಿ. ಜೊತೆಗೆ ಊರಿನ ಬಲ್ಲವರೊಬ್ಬರು ಇರಲಿ, ಮೊದಲ ಸಲ ಒಬ್ಬರೇ ಹೋಗಬೇಡಿ. ಅಂಗಡಿಯಲ್ಲಿಯೂ ಒಂದು ತುಂಡು ಮುರಿದು ಮೂಸಿ ನೋಡಿಯೇ ಕೊಳ್ಳಿ. ಸಾರಿವಾ ಎಂಬ ಹೆಸರಿನಲ್ಲಿ ಬೇರೆ ಬಳ್ಳಿಗಳ ಬೇರೂ ಮಾರಾಟವಾಗುತ್ತದೆ, ಪುಡಿಯಾದ ಮೇಲಂತೂ ಕಂಡುಹಿಡಿಯುವುದು ಕಷ್ಟ.

ಕೀಳುವ ವಿಚಾರದಲ್ಲಿ ನನ್ನದೊಂದು ಕಳಕಳಿ. ಬೇರಿಗಾಗಿ ಬೆಲೆ ಬರುವ ಗಿಡದ ಕಷ್ಟವೇ ಬೇರೆ. ಎಲೆ ಕೊಯ್ದರೆ ಚಿಗುರುತ್ತದೆ, ಬೇರು ಕಿತ್ತರೆ ಗಿಡವೇ ಹೋಯಿತು. ಹಿಂದೊಮ್ಮೆ ಸಾಗರದ ಕಡೆ ಒಬ್ಬ ಹಿರಿಯರ ಜೊತೆ ಬೇರು ತೆಗೆಯಲು ಹೋಗಿದ್ದೆ. ಅವರು ಬಳ್ಳಿಯ ಬುಡಕ್ಕೆ ಗುದ್ದಲಿ ತಾಗಿಸಲೇ ಇಲ್ಲ. ಒಂದು ಮೊಳ ದೂರದಲ್ಲಿ ಕುಳಿತು ಚೂಪಾದ ಕೋಲಿನಿಂದ ಮಣ್ಣು ಕೆದರಿ, ಪಕ್ಕಕ್ಕೆ ಹರಿದ ಎರಡು ಬೇರು ಕತ್ತರಿಸಿಕೊಂಡರು. ಮೂರನೆಯದು ಕೈಗೆ ಸಿಕ್ಕಿತ್ತು. ಅದನ್ನು ಹಾಗೇ ಒಳಗೆ ಸರಿಸಿ, ಮಣ್ಣು ಮುಚ್ಚಿ, ಅಂಗೈಯಿಂದ ಒತ್ತಿ, ಮೇಲೆ ತರಗೆಲೆ ಹರಡಿ ಎದ್ದರು. ಮುಂದಿನ ಮಳೆಗೆ ಆ ಬಳ್ಳಿ ಅಲ್ಲೇ ಇತ್ತು. ನೀವೂ ಹೀಗೇ ಮಾಡಿ. ಮಳೆಗಾಲ ಮುಗಿದು, ಬಳ್ಳಿ ಬೀಜ ಬಿಟ್ಟ ಮೇಲೆ ತೆಗೆಯಿರಿ. ಜೋಡಿಜೋಡಿಯಾಗಿ ಸಪೂರ ಕಾಯಿ ಒಡೆದು ರೇಷ್ಮೆಯಂಥ ಕೂದಲಿನ ಬೀಜ ಹಾರುತ್ತವೆ, ಅದೇ ಗುರುತು. ಮೀಸಲು ಅರಣ್ಯದಲ್ಲಿ ಕೈ ಹಾಕಬೇಡಿ, ಸ್ವಂತ ಜಾಗದಲ್ಲಿ ಸಿಕ್ಕಷ್ಟು ಸಾಕು. ತಂದ ಬೇರನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ನೆರಳಿನಲ್ಲೇ ಒಣಗಿಸಿ, ಗಾಜಿನ ಬಾಟಲಿಯಲ್ಲಿ ಇಡೀ ಬೇರಾಗಿಯೇ ಇಡಿ. ಜಜ್ಜುವುದು ಕುಡಿಯುವ ದಿನ.

ನಿಮ್ಮ ಯಜಮಾನರ ವಿಚಾರ. ಬೆಲ್ಲ ಹಾಕದ ತೆಳು ಚಹಾ ಅಪರೂಪಕ್ಕೊಮ್ಮೆ ಕುಡಿಯಲು ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಈ ಬೇರಿನಿಂದ ರಕ್ತದ ಸಕ್ಕರೆ ಇಳಿದದ್ದು ಕಂಡುಬಂದಿದೆ. ಅವರು ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಿದ್ದರೆ ದಿನಾ ಕುಡಿಯಲು ಶುರು ಮಾಡುವ ಮೊದಲು ವೈದ್ಯರಿಗೆ ಹೇಳಲೇಬೇಕು. ಇದನ್ನು ನಂಬಿ ಮಾತ್ರೆ ಬಿಡುವುದಂತೂ ಕೂಡದು. ಬಸುರಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ಕುಡಿಯುವುದು ಬೇಡ. ಉಷ್ಣಕ್ಕೆ, ಉರಿಮೂತ್ರಕ್ಕೆ, ಮೈತುರಿಕೆಗೆ ನಮ್ಮ ಹಿರಿಯರು ಇದನ್ನು ಕೊಡುತ್ತಿದ್ದದ್ದು ನಿಜ. ಆದರೆ ಮೂತ್ರದಲ್ಲಿ ರಕ್ತ, ಜ್ವರ, ಬೆನ್ನುನೋವು ಇದ್ದಾಗ ಕಷಾಯ ಕುಡಿದು ಕಾಯುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೈಸೂರಿನಲ್ಲಿ ಉಪ್ಪಿನಕಾಯಿಗೆ ಹಾಕುವ ಮಾಕಳಿ ಬೇರಿಗೂ ಇದೇ ವಾಸನೆ. ಎರಡೂ ಒಂದೇ ಅಲ್ಲವೇ? ಅದರಲ್ಲೇ ಚಹಾ ಮಾಡಬಹುದೇ?

ಉತ್ತರ: ಒಂದೇ ಅಲ್ಲ, ಆದರೆ ನಿಮ್ಮ ಮೂಗು ಸರಿಯಾಗಿಯೇ ಹೇಳಿದೆ. ಘಮ ಕೊಡುವ ರಾಸಾಯನಿಕ ಎರಡರಲ್ಲೂ ಅದೇ. ಮಾಕಳಿಯ ಬೇರು ಬೆರಳುಗಾತ್ರದ್ದು, ರಸಭರಿತ. ಸೊಗದೆಯದು ಸಪೂರ, ಕಟ್ಟಿಗೆಯಂಥದ್ದು. ಮಾಕಳಿಯಿಂದಲೂ ಪಾನಕ ಮಾಡುತ್ತಾರೆ, ಆದರೆ ಚಹಾಕ್ಕೆಂದು ಅದನ್ನು ಕೊಳ್ಳಬೇಡಿ ಎನ್ನುತ್ತೇನೆ. ಬಿಳಿಗಿರಿರಂಗನ ಬೆಟ್ಟದಂಥ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಆ ಬಳ್ಳಿ ಉಪ್ಪಿನಕಾಯಿ, ಪಾನಕದ ಬೇಡಿಕೆಗೆ ಅಗೆದಗೆದೇ ವಿರಳವಾಗಿ, ಅಳಿವಿನಂಚಿನ ಗಿಡಗಳ ಪಟ್ಟಿ ಸೇರಿದೆ.

ಪ್ರಶ್ನೆ: ತಾರಸಿಯ ಕುಂಡದಲ್ಲಿ ಸೊಗದೆ ಬರುತ್ತದೆಯೇ?

ಉತ್ತರ: ಬರುತ್ತದೆ, ಬೆಳೆಸಿ. ಬೇರು ಆಳಕ್ಕಿಳಿಯುವುದರಿಂದ ಅಗಲ ಕುಂಡಕ್ಕಿಂತ ಎತ್ತರದ ಡ್ರಮ್ಮೋ ಚೀಲವೋ ಒಳ್ಳೆಯದು. ಕೆಂಪು ಮಣ್ಣು, ಮರಳು, ಸ್ವಲ್ಪ ಗೊಬ್ಬರ, ನೀರು ನಿಲ್ಲಬಾರದು. ಮಳೆಗಾಲದ ಶುರುವಿನಲ್ಲಿ ಗಿಣ್ಣಿರುವ ಬೇರಿನ ತುಂಡನ್ನೋ ಬಲಿತ ಬಳ್ಳಿಯ ತುಂಡನ್ನೋ ನೆಡಿ. ಒಂದಷ್ಟು ಹಿಡಿಯುವುದಿಲ್ಲ, ಹಾಗಾಗಿ ನಾಲ್ಕೈದು ನೆಟ್ಟುಕೊಳ್ಳಿ. ಹತ್ತಿಕೊಳ್ಳಲು ಒಂದು ಕೋಲು ಕೊಡಿ. ಎರಡು ಮಳೆಗಾಲ ಕಳೆಯುವವರೆಗೆ ಬೇರಿನ ತಂಟೆಗೆ ಹೋಗಬೇಡಿ. ಆಮೇಲೆ ಚೀಲದ ಒಂದು ಬದಿ ಸೀಳಿ, ಬೇಕಾದ ಎರಡು ಬೇರು ತೆಗೆದುಕೊಂಡು, ಮಣ್ಣು ತುಂಬಿ ಹೊಲಿದುಬಿಡಿ.