ವ್ಯಾಕ್ಯೂಮ್‌ನಲ್ಲಿ ಕಾಯಿಸಿದ್ರೂ ಸ್ಟೀಲ್ ಯಾಕೆ ನೀಲಿ ಆಗುತ್ತೆ?

ಪ್ರಶ್ನೆ: ನಾನು ಪೀಣ್ಯದ ಒಂದು ಹೀಟ್ ಟ್ರೀಟ್‌ಮೆಂಟ್ ಶಾಪ್‌ನಲ್ಲಿ ಆಪರೇಟರ್. ವ್ಯಾಕ್ಯೂಮ್ ಫರ್ನೇಸ್‌ಗೆ ಹಾಕಿದ ಸ್ಟೇನ್‌ಲೆಸ್ ಸ್ಟೀಲ್ ಪೀಸ್ ಒಂದೊಂದ್ಸಲ ಫಳಫಳ ಅಂತ ಬರುತ್ತೆ, ಒಂದೊಂದ್ಸಲ ನೀಲಿ, ಕಂದು ಬಣ್ಣ ಹಿಡ್ಕೊಂಡು ಬರುತ್ತೆ. ಒಳಗೆ ಗಾಳಿನೇ ಇಲ್ವಲ್ಲ ಸರ್? ಮತ್ತೆ ಹಿತ್ತಾಳೆ, ಜಿಂಕ್ ಪ್ಲೇಟಿಂಗ್ ಬೋಲ್ಟ್ ಒಳಗೆ ಹೋಗ್ಲೇಬಾರ್ದು ಅಂತಾರೆ, ಯಾಕೆ?

ಉತ್ತರ: ಗಾಳಿ ಇಲ್ಲ ಅಂತಲ್ಲ, ಕಮ್ಮಿ ಇದೆ ಅಷ್ಟೇ. ಗೇಜ್ ಮಿಲಿಬಾರ್‌ನ ಲಕ್ಷದಲ್ಲೊಂದು ಭಾಗ ತೋರಿಸ್ತಿದ್ರೂ ಒಂದು ಘನ ಸೆಂಟಿಮೀಟರ್ ಜಾಗದಲ್ಲಿ ಇನ್ನೂ 20 ಸಾವಿರ ಕೋಟಿಗಿಂತ ಜಾಸ್ತಿ ಅಣುಗಳಿರ್ತವೆ, ಬಂದು ಬಡಿದಿದ್ದೆಲ್ಲ ಅಂಟ್ಕೊಂಡ್ರೆ ಒಂದು ಸೆಕೆಂಡ್ ಒಳಗೇ ಲೋಹದ ಮೇಲೆ ಒಂದು ಪದರ ಕೂತುಬಿಡುತ್ತೆ. ಅದ್ರಲ್ಲೂ ಹೆಚ್ಚಿನಂಶ ನೀರಾವಿ, ಬಾಗಿಲು ತೆಗೆದಿಟ್ಟಾಗ ಗೋಡೆ ಹೀರ್ಕೊಂಡಿದ್ದು, ಮಳೆಗಾಲದಲ್ಲಂತೂ ಕೇಳೋದೇ ಬೇಡ. ಸ್ಟೀಲ್‌ನಲ್ಲಿರೋ ಕ್ರೋಮಿಯಂಗೆ ಆಕ್ಸಿಜನ್ ಅಂದ್ರೆ ಅಷ್ಟು ಆಸೆ, ನೀರಾವಿಯಿಂದನೂ ಕಿತ್ಕೊಳ್ಳುತ್ತೆ, ಆ ತೆಳು ಆಕ್ಸೈಡ್ ಪದರದ ದಪ್ಪ ಬದಲಾದ ಹಾಗೆ ಬಣ್ಣನೂ ಬದಲಾಗುತ್ತೆ.

ಇದನ್ನ ಪತ್ತೆ ಮಾಡೋಕೆ ಫರ್ನೇಸ್ ತಣ್ಣಗಿರುವಾಗ ಪಂಪ್ ವಾಲ್ವ್ ಮುಚ್ಚಿ ಗೇಜ್ ನೋಡ್ತಾ ಕೂತ್ಕೊಳ್ಳಿ. ಒತ್ತಡ ಒಂದೇ ಸಮನೆ ಏರ್ತಾನೇ ಹೋದ್ರೆ ಎಲ್ಲೋ ಲೀಕ್ ಇದೆ, ಬಾಗಿಲಿನ ಓ-ರಿಂಗ್ (ಸೀಲ್ ಮಾಡೋ ರಬ್ಬರ್ ಉಂಗುರ) ಮೊದ್ಲು ನೋಡಿ; ಸ್ವಲ್ಪ ಏರಿ ನಿಧಾನ ಆಗ್ತಾ ನಿಂತ್ರೆ ಅದು ಒಳಗಿನ ತೇವ, ಖಾಲಿ ಫರ್ನೇಸ್ ಒಂದ್ಸಲ ಚೆನ್ನಾಗಿ ಕಾಯಿಸಿ ಓಡಿಸ್ಬೇಕು. ಎರಡೂ ಸರಿ ಇದ್ರೆ ಕ್ವೆಂಚಿಂಗ್ ಗ್ಯಾಸ್, ಅಂದ್ರೆ ಕಾದ ಪೀಸ್ ಬೇಗ ತಣ್ಣಗಾಗ್ಲಿ ಅಂತ ಬಿಡೋ ಗ್ಯಾಸ್, ಶುದ್ಧ ಇದೆಯಾ, ಪೀಸ್ ಬಿಸಿ ಇರುವಾಗ್ಲೇ ಬಾಗಿಲು ತೆಗೀತಿದ್ದೀರಾ ನೋಡಿ.

ಇನ್ನು ಜಿಂಕ್, ಹಿತ್ತಾಳೆಯಲ್ಲಿ ತಾಮ್ರದ ಜೊತೆ ಸೇರಿರೋದೂ ಇದೇ. ಅದು ಕುದಿಯೋದು 907 ಡಿಗ್ರಿಗೆ, ಆದ್ರೆ ವ್ಯಾಕ್ಯೂಮ್‌ನಲ್ಲಿ 350ರ ಆಸುಪಾಸಲ್ಲೇ, ಕರಗೋಕೆ ಮುಂಚೆನೇ, ನುಸಿಗುಳಿಗೆ ಥರ ಆವಿಯಾಗಿ ಹೋಗ್ತಿರುತ್ತೆ. ಹೋಗಿ ತಣ್ಣನೆ ಗೋಡೆ ಮೇಲೆ, ಪಂಪ್ ಒಳಗೆ, ಹೀಟರ್‌ನ ಸೆರಾಮಿಕ್ ಇನ್ಸುಲೇಟರ್ ಮೇಲೆ ಲೋಹವಾಗಿ ಕೂರುತ್ತೆ, ಆಮೇಲೆ ಹೀಟರ್ ಶಾರ್ಟ್. ಹಿತ್ತಾಳೆ ಪೀಸ್ ನೋಡಿದ್ರೆ ಮೇಲ್ಮೈ ತೂತುತೂತಾಗಿ ಕೆಂಪು ತಾಮ್ರ ಮಾತ್ರ ಉಳಿದಿರುತ್ತೆ. ಕ್ಯಾಡ್ಮಿಯಂ ಪ್ಲೇಟಿಂಗ್ ಇನ್ನೂ ಮುಂಚೆನೇ ಹೊರಡುತ್ತೆ, ಅದು ವಿಷ ಬೇರೆ, ಹತ್ರ ಸೇರಿಸ್ಬೇಡಿ.

ವ್ಯಾಕ್ಯೂಮ್ ಎಷ್ಟು ಜಾಸ್ತಿ ಎಳೆದ್ರೆ ಅಷ್ಟು ಒಳ್ಳೇದು ಅಂತ ತುಂಬಾ ಜನ ಅನ್ಕೊಂಡಿದ್ದಾರೆ, ಅದು ತಪ್ಪು. 1000 ಡಿಗ್ರಿ ದಾಟಿದ್ಮೇಲೆ ಕ್ರೋಮಿಯಂ ಕೂಡ ಹಿಂಗೇ ಆವಿಯಾಗಿ ಹೋಗುತ್ತೆ, ಪೀಸ್ ನೋಡೋಕೆ ಫಳಫಳ ಅಂತಾನೇ ಇರುತ್ತೆ ಆದ್ರೆ ಮೇಲ್ಮೈಯಲ್ಲಿ ಕ್ರೋಮಿಯಂ ಕಮ್ಮಿಯಾಗಿ ಮುಂದೆ ತುಕ್ಕು ಹಿಡಿಯುತ್ತೆ. ಅದಕ್ಕೇ ಆ ಹಂತದಲ್ಲಿ ಬೇಕಂತಲೇ ಸ್ವಲ್ಪ ಆರ್ಗಾನ್ (ಲೋಹದ ಜೊತೆ ಸೇರದ ಗ್ಯಾಸ್) ಬಿಟ್ಟು ಒತ್ತಡ ಏರಿಸೋದು. ಗ್ರಾಫೈಟ್ ಟ್ರೇ ಮೇಲೆ ಸ್ಟೀಲ್ ನೇರವಾಗಿ ಇಡ್ತಿದ್ರೆ ಅದನ್ನೂ ನಿಲ್ಸಿ, ಗ್ರಾಫೈಟ್‌ನ ಕಾರ್ಬನ್ ಸ್ಟೀಲ್ ಒಳಗೆ ಇಳಿದು 1150ರ ಹತ್ರನೇ ಆ ಜಾಗ ಕರಗಿಬಿಡುತ್ತೆ, ಮಧ್ಯೆ ಸೆರಾಮಿಕ್ ಹಾಳೆ ಹಾಕಿ.