ಲೈನ್‌ಬ್ಯಾಕರ್ ಜಾಗ ಬದಲಿಸಿದರೆ ಆಟ ಉಳಿಯುತ್ತದೆಯೇ?

ಅಮೆರಿಕನ್ ಫುಟ್‌ಬಾಲ್ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಲೈನ್‌ಬ್ಯಾಕರ್ ಸುತ್ತಲೇ ಇವೆ. ಅದಕ್ಕೆ ಕಾರಣವೂ ಇದೆ. ರಕ್ಷಣೆಯ ಹನ್ನೊಂದು ಮಂದಿಯಲ್ಲಿ ಚೆಂಡಿನ ಎದುರಿಗೇ ನಿಲ್ಲುವವರು ಲೈನಿನವರು, ಎಲ್ಲರಿಗಿಂತ ಹಿಂದೆ ಸೇಫ್ಟಿಗಳು, ಇವರ ನಡುವೆ ನಾಲ್ಕೈದು ಗಜ ಆಳದಲ್ಲಿ ಲೈನ್‌ಬ್ಯಾಕರ್‌ಗಳು. ನಡುವೆ ನಿಂತವನನ್ನು ಮುಂದಕ್ಕೂ ಕರೆಯುತ್ತಾರೆ, ಹಿಂದಕ್ಕೂ ಕರೆಯುತ್ತಾರೆ.

ಪ್ರಶ್ನೆ: ನನ್ನ ಮಗ ಟೆಕ್ಸಸ್‌ನ ಹೈಸ್ಕೂಲು ತಂಡದಲ್ಲಿ ಒಳಗಿನ ಲೈನ್‌ಬ್ಯಾಕರ್. 6 ಅಡಿ 1 ಅಂಗುಲ, 205 ಪೌಂಡ್. ಮುಂದಿನ ಸೀಸನ್‌ಗೆ ಡಿಫೆನ್ಸಿವ್ ಎಂಡ್ (ರಕ್ಷಣೆಯ ಲೈನಿನ ತುದಿಯಲ್ಲಿ, ಅಂದರೆ ಅಂಚಿನಲ್ಲಿ ನಿಲ್ಲುವವನು) ಆಗಬೇಕೆಂದು ಕೋಚ್ ಹೇಳುತ್ತಿದ್ದಾರೆ. ಅವನಿಂದ ಆಗುತ್ತದೆಯೇ?

ಆಗುತ್ತದೆ. ಲೈನ್‌ಬ್ಯಾಕರ್ ಮಾಡಬಹುದಾದ ಬದಲಾವಣೆಗಳಲ್ಲಿ ಹೆಚ್ಚು ಫಲ ಕೊಟ್ಟಿರುವುದು ಇದೇ. ಆದರೆ ಹೆಸರಾಂತ ಉದಾಹರಣೆಗಳನ್ನು ಪೂರ್ತಿ ನೋಡಬೇಕು. ಹಾಸನ್ ರೆಡಿಕ್ 2017ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವುದು) 13ನೇ ಆಯ್ಕೆಯಾಗಿ ಅರಿಜೋನಾ ತಂಡ ಸೇರಿದರು. ಹೆಚ್ಚಾಗಿ ಒಳಗಿನ ಲೈನ್‌ಬ್ಯಾಕರ್ ಆಗಿ ಆಡಿದ ಮೊದಲ ಮೂರು ವರ್ಷಗಳಲ್ಲಿ ಒಟ್ಟು 7.5 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು, ಅಂದರೆ ದಾಳಿ ನಡೆಸುವವನನ್ನು, ಕೆಡವುವುದು). 2020ರಲ್ಲಿ ಅಂಚಿಗೆ ಹಾಕಿದ ಮೇಲೆ ಒಂದೇ ಸೀಸನ್‌ನಲ್ಲಿ 12.5. ಮಿಕಾ ಪಾರ್ಸನ್ಸ್ 2021ರಲ್ಲಿ ಡಲ್ಲಾಸ್‌ಗೆ ಬಂದದ್ದು ಲೈನ್‌ಬ್ಯಾಕರ್ ಆಗಿ. ಅಂಚಿನ ಆಟಗಾರ ಡಿಮಾರ್ಕಸ್ ಲಾರೆನ್ಸ್ ಪಾದದ ಮೂಳೆ ಮುರಿದು ಹೊರಗುಳಿದಾಗ ಪಾರ್ಸನ್ಸ್ ಅಂಚಿಗೆ ಹೋದರು, 13 ಸ್ಯಾಕ್ ಮಾಡಿದರು. ಈ ಇಬ್ಬರಿಗೂ ಅಂಚು ಹೊಸದಲ್ಲ. ರೆಡಿಕ್ ಕಾಲೇಜಿನಲ್ಲಿ, ಪಾರ್ಸನ್ಸ್ ಹೈಸ್ಕೂಲಿನಲ್ಲಿ ಎಂಡ್ ಆಗಿಯೇ ಆಡಿದ್ದರು. ಹಾಗಾಗಿ ಮಗನ ಎತ್ತರ, ತೂಕ ಕೇಳುವ ಮೊದಲು ನಾವು ಕೇಳುವುದು ಬೇರೆ: ಚಿಕ್ಕವನಿದ್ದಾಗ ಅವನು ಯಾವ ಯಾವ ಜಾಗದಲ್ಲಿ ಆಡಿದ್ದಾನೆ? ಕೈ, ಕಣ್ಣು ಒಮ್ಮೆ ಕಲಿತದ್ದು ಬೇಗ ಮರಳುತ್ತದೆ. ಅಂಚಿನಲ್ಲಿ ನಿಂತೇ ಇಲ್ಲದ ಹುಡುಗನಿಗೆ ಒಂದು ಪೂರ್ತಿ ಆಫ್‌ಸೀಸನ್ ಬೇಕು.

ಮೊದಲು ಕೆಡುವುದು ಹೊರಡುವ ಗಳಿಗೆ. ನಾಲ್ಕು ಗಜ ಹಿಂದೆ ನಿಂತಾಗ ನೋಡಿ ಕದಲು ಎಂದು ಕಲಿಸಿರುತ್ತಾರೆ. ಅಂಚಿನಲ್ಲಿ ಕದಲುತ್ತಲೇ ನೋಡಬೇಕು. ಹಳೆಯ ಅಭ್ಯಾಸದವನು ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದು) ಆದಮೇಲೂ ಒಂದು ಕ್ಷಣ ತಡೆದು ನೋಡುತ್ತಾನೆ. ಅಷ್ಟರಲ್ಲಿ ಎದುರಿನ ಟ್ಯಾಕಲ್ (ದಾಳಿಯ ಲೈನಿನ ತುದಿಯವನು) ಎರಡು ಹೆಜ್ಜೆ ಹಿಂದೆ ಸರಿದು ಕೈ ಸಿದ್ಧ ಮಾಡಿಕೊಂಡಿರುತ್ತಾನೆ. ಇದಕ್ಕೆ ಅಭ್ಯಾಸ ಸರಳ. ಒಂದು ಕೋಲಿನ ತುದಿಗೆ ಚೆಂಡು ಕಟ್ಟಿ ನೆಲದ ಮೇಲಿಡಿ, ಒಬ್ಬರು ಅದನ್ನು ಸರಕ್ಕನೆ ಎಳೆಯಲಿ, ಚೆಂಡು ಅಲುಗಿದೊಡನೆ ಇವನು ಮೂರೇ ಹೆಜ್ಜೆ ನುಗ್ಗಲಿ. ಒಂದು ಸುತ್ತಿಗೆ 8 ಸಲ, ನಡುವೆ 30–40 ಸೆಕೆಂಡ್ ವಿರಾಮ, ವಾರಕ್ಕೆ ಮೂರು ದಿನ. ಬಾಯಲ್ಲಿ ‘ಹಟ್’ ಎಂದು ಕೂಗಿ ಹೊರಡಿಸಬೇಡಿ. ದನಿಗೆ ಹೊರಡುವ ಹುಡುಗ ಕ್ವಾರ್ಟರ್‌ಬ್ಯಾಕಿನ ಸುಳ್ಳು ಕೂಗಿಗೂ ಹೊರಡುತ್ತಾನೆ. ಹೆಚ್ಚಿನ ರಾಜ್ಯಗಳ ಹೈಸ್ಕೂಲು ನಿಯಮದಲ್ಲಿ ಸ್ನ್ಯಾಪರ್ ಚೆಂಡು ಹಿಡಿದ ಮೇಲೆ ನ್ಯೂಟ್ರಲ್ ಝೋನಿಗೆ (ಎರಡು ಲೈನುಗಳ ನಡುವಿನ, ಚೆಂಡಿನುದ್ದದ ಜಾಗ) ಕಾಲಿಟ್ಟರೆ ಅಲ್ಲೇ ಸೀಟಿ, 5 ಗಜ ದಂಡ. ಟೆಕ್ಸಸ್‌ನ ಹೈಸ್ಕೂಲುಗಳು ಕಾಲೇಜಿನ ನಿಯಮದಲ್ಲಿ ಆಡುತ್ತವೆ; ಎನ್‌ಎಫ್‌ಎಲ್‌ನಂತೆ ಅಲ್ಲೂ ಯಾರನ್ನೂ ಮುಟ್ಟದೆ ಸ್ನ್ಯಾಪ್‌ಗೆ ಮೊದಲೇ ಹಿಂದೆ ಬಂದು ಸರಿಪಡಿಸಿಕೊಳ್ಳಲು ಅವಕಾಶವಿದೆ, ಆದರೆ ಎದುರಿನ ಲೈನಿನವನು ಬೆಚ್ಚಿ ಕದಲಿದರೆ 5 ಗಜ ದಂಡ ತಪ್ಪದು.

ನಿಲುವು ನೋಡಿ. ಒಂದು ಕಾಲು ಮುಂದೆ, ಇನ್ನೊಂದರ ಬೆರಳು ಮುಂದಿನ ಕಾಲಿನ ಹಿಮ್ಮಡಿಯ ಸಾಲಿನಲ್ಲಿ. ಭಾರದ ಹೆಚ್ಚಿನ ಪಾಲು ಮುಂದಿನ ಕಾಲ ಮೇಲೆ, ನೆಲಕ್ಕೂರಿದ ಕೈ ಮೇಲೆ ಸ್ವಲ್ಪವೇ. ಹಿಂದಿನ ಕಾಲು ಮೊದಲು ಏಳಬೇಕು. ಮುಂದಿನ ಕಾಲು ಒಂದು ಗೇಣು ಹಿಂದೆ ಜಾರಿ ಆಮೇಲೆ ಹೊರಟರೆ ಅದೇ ಫಾಲ್ಸ್ ಸ್ಟೆಪ್. ಲೈನ್‌ಬ್ಯಾಕರ್ ಆಗಿದ್ದವರಲ್ಲಿ ಈ ದೋಷ ಬಲು ಸಾಮಾನ್ಯ. ಮೊಬೈಲಿನಲ್ಲಿ ಪಕ್ಕದಿಂದ ನಿಧಾನಗತಿಯ ವಿಡಿಯೊ ತೆಗೆದರೆ ತಾನಾಗಿ ಕಾಣುತ್ತದೆ.

ಎರಡನೆಯ ತೊಂದರೆ ಓಟದ ಆಟದ್ದು. ಝೋನ್ ರೀಡ್ ಎಂಬ ಆಟದಲ್ಲಿ ಎಂಡ್‌ನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಅವನನ್ನೇ ನೋಡುತ್ತಾನೆ: ಎಂಡ್ ಒಳಗೆ ನುಗ್ಗಿದರೆ ಚೆಂಡು ತಾನೇ ಇಟ್ಟುಕೊಂಡು ಹೊರಗೆ ಓಡುತ್ತಾನೆ, ನಿಂತರೆ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗೆ ಕೊಡುತ್ತಾನೆ. ಚೆಂಡಿನ ಹಿಂದೆ ಬೀಳುವುದೇ ಲೈನ್‌ಬ್ಯಾಕರ್‌ನ ಸ್ವಭಾವ, ಹಾಗಾಗಿ ನಿಮ್ಮ ಮಗ ಮೊದಲ ಎರಡು ಪಂದ್ಯಗಳಲ್ಲಿ ಇದಕ್ಕೆ ಖಂಡಿತ ಬೀಳುತ್ತಾನೆ. ಭುಜ ಎರಡೂ ಗೆರೆಗೆ ಸಮನಾಗಿ, ಸಣ್ಣ ಹೆಜ್ಜೆಯಲ್ಲಿ ಪಕ್ಕಕ್ಕೆ ಸರಿಯುತ್ತ, ಚೆಂಡು ಯಾರ ಕೈಗೆ ಹೋಯಿತೆಂದು ತಿಳಿಯುವ ತನಕ ಕಾಯುವುದನ್ನು ಕಲಿಯಬೇಕು. ಎದುರಿನ ಟ್ಯಾಕಲ್ ಒಳಕ್ಕೆ ಇಳಿದು ಬೇರೆಯವನನ್ನು ತಡೆಯಲು ಹೋದರೆ ಇವನೂ ಅವನ ಸೊಂಟಕ್ಕೆ ಅಂಟಿಕೊಂಡು ಒಳಕ್ಕೆ ಒತ್ತಬೇಕು, ಏಕೆಂದರೆ ಆ ಖಾಲಿ ಜಾಗದಿಂದ ಗಾರ್ಡ್ (ಟ್ಯಾಕಲ್‌ನ ಒಳಪಕ್ಕದವನು) ಒಬ್ಬ ಇವನನ್ನೇ ಹುಡುಕಿಕೊಂಡು ಬರುತ್ತಿರುತ್ತಾನೆ.

ಪಾಸ್ ರಶ್‌ನಲ್ಲಿ, ಅಂದರೆ ಎಸೆಯಲು ನಿಂತ ಕ್ವಾರ್ಟರ್‌ಬ್ಯಾಕ್ ಕಡೆಗೆ ನುಗ್ಗುವಾಗ, ಹತ್ತು ತಂತ್ರ ಬೇಡ. ಎದೆಗೆ ನೇರ ತಳ್ಳುವ ಬುಲ್ ರಶ್ ಒಂದು, ಟ್ಯಾಕಲ್‌ನ ಕೈ ಬಡಿದು ಭುಜ ತಗ್ಗಿಸಿ ಹೊರಗಿನಿಂದ ನುಸುಳುವುದು ಒಂದು. ಮೊದಲ ವರ್ಷಕ್ಕೆ ಇವೆರಡೇ ಸಾಕು. ಆದರೆ ಕ್ವಾರ್ಟರ್‌ಬ್ಯಾಕ್ ನಿಂತ ಆಳ ದಾಟಿ ಹಿಂದೆ ಹೋಗುವುದು ದೊಡ್ಡ ತಪ್ಪು. ಅವನು ಸುಮಾರು 7 ಗಜ ಹಿಂದಿದ್ದರೆ ಅಷ್ಟರೊಳಗೇ ತಿರುಗಬೇಕು. 9 ಗಜಕ್ಕೆ ಹೋಗಿ ತಿರುಗಿದರೆ ಮುಂದೆ ಓಡಲು ಅವನಿಗೆ ಬಾಗಿಲು ತೆರೆದುಕೊಟ್ಟಂತೆ.

ಇನ್ನೊಂದು ಎಚ್ಚರಿಕೆ ಮೊಣಕಾಲಿನದು. ಸ್ನ್ಯಾಪ್ ಹೊತ್ತಿಗೆ ಲೈನಿನ ಮೇಲೆ ಚೆಂಡಿನ ಹತ್ತಿರವೇ ಇರುವವರನ್ನು ಸ್ನ್ಯಾಪ್ ಆದ ತಕ್ಷಣ ಸೊಂಟದ ಕೆಳಗೆ ತಡೆಯಲು ಹೈಸ್ಕೂಲು ನಿಯಮದಲ್ಲಿ ಅವಕಾಶವಿದೆ. ಹಿಂದೆ ನಿಂತ ಲೈನ್‌ಬ್ಯಾಕರ್‌ಗಿಂತ ಲೈನಿನ ಮೇಲಿರುವವನಿಗೆ ಆ ಏಟು ಬೀಳುವ ಸಾಧ್ಯತೆ ಹೆಚ್ಚು. ಹಾಗಾಗಿ ಕೈಯಿಂದ ಎದುರಾಳಿಯ ಭುಜ ಒತ್ತಿ ಕಾಲು ಹಿಂದೆಳೆದುಕೊಳ್ಳುವುದನ್ನು ಮೊದಲ ವಾರದಿಂದಲೇ ಕಲಿಸಲು ಕೋಚ್‌ಗೆ ಹೇಳಿ.

ಪ್ರಶ್ನೆ: ತಿರುಗಿಸಿ ಕೇಳುತ್ತೇನೆ. ಅಂಚಿನಲ್ಲಿ ಆಡುವ ಹೊರಗಿನ ಲೈನ್‌ಬ್ಯಾಕರ್ ಒಳಕ್ಕೆ ಬರಬಹುದೇ?

ಬರಬಹುದು. ಈಚಿನ ವರ್ಷಗಳಲ್ಲಿ ಇದಕ್ಕೆ ಜ್ಯಾಕ್ ಬಾನ್ ಅವರಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ವಿಸ್ಕಾನ್ಸಿನ್‌ನಲ್ಲಿ ಅಂಚಿನಿಂದ ನುಗ್ಗುತ್ತಿದ್ದ ಅವರು 2020ರ ಮೂರನೆಯ ಸುತ್ತಿನಲ್ಲಿ ನ್ಯೂ ಆರ್ಲಿಯನ್ಸ್ ಸೇರಿ ನಾಲ್ಕು ವರ್ಷ ಹೆಚ್ಚಾಗಿ ಸ್ಪೆಷಲ್ ಟೀಮ್‌ಗಳಲ್ಲೇ (ಚೆಂಡು ಒದೆಯುವ ಆಟಗಳಿಗೆ ಇಳಿಯುವ ಗುಂಪು) ಕಳೆದರು. 2024ರಲ್ಲಿ ಫಿಲಡೆಲ್ಫಿಯಾದಲ್ಲಿ ರಕ್ಷಣೆಯ ಕೋಚ್ ವಿಕ್ ಫ್ಯಾಂಜಿಯೊ ಅವರ ಕೈಕೆಳಗೆ ಒಳಗೆ ನಿಂತು ಅದೇ ವರ್ಷ ವರ್ಷದ ಅತ್ಯುತ್ತಮರ ಪಟ್ಟಿಯಾದ ಆಲ್-ಪ್ರೊ ಮೊದಲ ತಂಡಕ್ಕೆ ಆಯ್ಕೆಯಾದರು, ಸೂಪರ್ ಬೌಲ್‌ನಲ್ಲಿ ಇಂಟರ್‌ಸೆಪ್ಷನ್ (ಎದುರಾಳಿ ಎಸೆದ ಚೆಂಡನ್ನು ಹಿಡಿಯುವುದು) ಕೂಡ ಮಾಡಿದರು. ಹೈಸ್ಕೂಲಿನಲ್ಲಿ ಅವರು ಕ್ವಾರ್ಟರ್‌ಬ್ಯಾಕ್. ಇಡೀ ಮೈದಾನವನ್ನು ಎದುರಿಗಿಟ್ಟುಕೊಂಡು ನೋಡುವ ಅಭ್ಯಾಸ ಅಲ್ಲಿಂದ ಬಂದಿರಬೇಕು ಎಂಬುದು ನಮ್ಮ ಅನಿಸಿಕೆ.

ಒಳಗೆ ಬಂದವನ ಕಣ್ಣು ಚೆಂಡಿನ ಮೇಲಿರಬಾರದು, ಎದುರಿನ ಗಾರ್ಡ್ ಮೇಲಿರಬೇಕು. ಗಾರ್ಡ್ ತಗ್ಗಿ ನೇರ ನುಗ್ಗಿದರೆ ಓಟ ನಿನ್ನ ಕಡೆಗೇ. ಅವನು ಪಕ್ಕಕ್ಕೆ ಓಡಿದರೆ ಅವನ ಹಿಂದೆ ಹೋಗು, ಚೆಂಡೂ ಅಲ್ಲಿಗೇ ಹೋಗುತ್ತದೆ. ತಲೆಯೆತ್ತಿ ಹಿಂದೆ ಕುಳಿತರೆ ಪಾಸ್. 10–12 ಗಜ ಆಳಕ್ಕೆ ಇಳಿ. ಕ್ವಾರ್ಟರ್‌ಬ್ಯಾಕನ್ನು ನೋಡುತ್ತ ನಿಂತರೆ ಅವನು ಚೆಂಡು ಕೊಟ್ಟಂತೆ ನಟಿಸುವ ಪ್ಲೇ-ಆ್ಯಕ್ಷನ್‌ಗೆ ಪ್ರತಿ ಸಲವೂ ಮೋಸ ಹೋಗಬೇಕಾಗುತ್ತದೆ. ಇದನ್ನು ಮೈದಾನಕ್ಕಿಂತ ಮನೆಯಲ್ಲೇ ಚೆನ್ನಾಗಿ ಕಲಿಯಬಹುದು. ಪಂದ್ಯದ ವಿಡಿಯೊವನ್ನು ಸ್ನ್ಯಾಪ್ ಆದ ಒಂದು ಸೆಕೆಂಡಿಗೆ ನಿಲ್ಲಿಸಿ, ಗಾರ್ಡ್ ಒಬ್ಬನನ್ನೇ ನೋಡಿ ‘ಓಟ, ಎಡ’ ಅಥವಾ ‘ಪಾಸ್’ ಎಂದು ಗಟ್ಟಿಯಾಗಿ ಹೇಳಿ, ಮುಂದೆ ಓಡಿಸಿ ನೋಡುವುದು. ದಿನಕ್ಕೆ 20 ಸ್ನ್ಯಾಪ್ ಸಾಕು.

ಅಂಚಿನಿಂದ ಬಂದವರ ಮತ್ತೊಂದು ಚಾಳಿ ಎಂದರೆ ತಡೆಯಲು ಬಂದವನನ್ನು ಸುತ್ತುಹಾಕಿ ಅವನ ಹಿಂದಿನಿಂದ ಹೋಗುವುದು. ಅಂಚಿನಲ್ಲಿ ಅದು ಕೆಲವೊಮ್ಮೆ ನಡೆದೀತು. ಒಳಗೆ ಹಾಗೆ ಮಾಡಿದರೆ ಇವನಿಗೆ ವಹಿಸಿದ ಗ್ಯಾಪ್ (ದಾಳಿಯ ಲೈನಿನ ಇಬ್ಬರ ನಡುವಿನ ಸಂದು) ಖಾಲಿ ಬೀಳುತ್ತದೆ, ರನ್ನಿಂಗ್ ಬ್ಯಾಕ್ ಅಲ್ಲೇ ತಿರುಗುತ್ತಾನೆ. ಓಡುವವನ ನೇರಕ್ಕೆ ಓಡಬಾರದು. ಅವನ ಒಳಸೊಂಟಕ್ಕಿಂತ ಅರ್ಧ ಹೆಜ್ಜೆ ಹಿಂದೆಯೇ ಇರಬೇಕು.

ಪ್ರಶ್ನೆ: ಲೈನ್‌ಬ್ಯಾಕರ್ ತುಂಬಾ ವೇಗಿ. ಸೇಫ್ಟಿ ಮಾಡಿದರೆ ಹೇಗೆ?

ಇದರಲ್ಲಿ ನಮಗೆ ಉತ್ಸಾಹ ಕಡಿಮೆ. ಐಸಾಯಾ ಸಿಮನ್ಸ್ 238 ಪೌಂಡ್ ತೂಕದಲ್ಲಿ 40 ಗಜವನ್ನು 4.39 ಸೆಕೆಂಡಿನಲ್ಲಿ ಓಡಿದವರು, 2020ರ 8ನೇ ಆಯ್ಕೆ. ಕಾಲೇಜಿನಲ್ಲಿ ಸೇಫ್ಟಿಯಾಗಿಯೂ ಆಡಿದ್ದವರು. ಅರಿಜೋನಾದಲ್ಲಿ ಅವರನ್ನು ಲೈನ್‌ಬ್ಯಾಕರ್, ಸ್ಲಾಟ್ (ಒಳಬದಿಯಲ್ಲಿ ಪಾಸ್ ಹಿಡಿಯುವವನನ್ನು ಕಾಯುವ ಜಾಗ), ಸೇಫ್ಟಿ ಎಂದು ಓಡಾಡಿಸಿ, 2023ರ ಆಗಸ್ಟ್‌ನಲ್ಲಿ ಏಳನೆಯ ಸುತ್ತಿನ ಆಯ್ಕೆಯೊಂದಕ್ಕೆ ನ್ಯೂಯಾರ್ಕ್ ಜೈಂಟ್ಸ್‌ಗೆ ಬಿಟ್ಟುಕೊಟ್ಟರು. ಅವರಲ್ಲಿ ವೇಗಕ್ಕೆ ಕೊರತೆಯಿರಲಿಲ್ಲ. ಒಂದು ಜಾಗದಲ್ಲಿ ಬೇರು ಬಿಡಲು ಸಮಯ ಸಿಗಲಿಲ್ಲ ಎಂದೇ ನಾವು ಓದುತ್ತೇವೆ.

ಹಿಂದಿನಿಂದ ಮುಂದಕ್ಕೆ ಬಂದವರ ಕಥೆ ಬೇರೆ. ನ್ಯೂ ಮೆಕ್ಸಿಕೊದಲ್ಲಿ ಸೇಫ್ಟಿ-ಲೈನ್‌ಬ್ಯಾಕರ್ ಬೆರಕೆಯ ಜಾಗದಲ್ಲಿ ಆಡಿದ ಬ್ರಯಾನ್ ಅರ್ಲಾಕರ್ ಶಿಕಾಗೊದಲ್ಲಿ ನಡುವಿನ ಲೈನ್‌ಬ್ಯಾಕರ್ ಆಗಿ 2018ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಸೇಫ್ಟಿಗಳಾಗಿದ್ದ ಥಾಮಸ್ ಡೇವಿಸ್, ಮಾರ್ಕ್ ಬ್ಯಾರನ್ ಕೂಡ ಲೈನ್‌ಬ್ಯಾಕರ್ ಆಗಿ ನೆಲೆಯೂರಿದರು. ಮುಂದೆ ಬಂದವನು ತಪ್ಪಿದರೆ ಹಿಂದೆ ಇನ್ನೊಬ್ಬ ಇರುತ್ತಾನೆ. ಸೇಫ್ಟಿ ತಪ್ಪಿದರೆ ಹಿಂದೆ ಎಂಡ್ ಝೋನ್ ಬಿಟ್ಟು ಏನೂ ಇಲ್ಲ.

ಆದರೂ ಪರೀಕ್ಷಿಸಬೇಕೆಂದರೆ 40 ಗಜದ ಓಟ ಬಿಡಿ, ಸೊಂಟ ನೋಡಿ. ತಗ್ಗಿ 5 ಗಜ ಹಿಮ್ಮುಖವಾಗಿ ಓಡಲಿ, ನೀವು ಕೈ ತೋರಿಸಿದ ಕಡೆ ತಿರುಗಿ 10 ಗಜ ಓಡಲಿ. ತಿರುಗುವಾಗ ತಲೆ ಮೇಲೆದ್ದರೆ ಅಥವಾ ಎರಡು ಹೆಚ್ಚುವರಿ ಹೆಜ್ಜೆ ಬಿದ್ದರೆ ಪಾಸ್ ಹಿಡಿಯುವ ರಿಸೀವರ್ ಅಷ್ಟರಲ್ಲೇ ದಾಟಿಹೋಗಿರುತ್ತಾನೆ. ಎಡಕ್ಕೂ ಬಲಕ್ಕೂ ಐದೈದು ಸಲ ಮಾಡಿಸಿ; ಹೆಚ್ಚಿನವರು ಒಂದು ಕಡೆಗೆ ಮಾತ್ರ ಸಲೀಸಾಗಿ ತಿರುಗುತ್ತಾರೆ.

ಪ್ರಶ್ನೆ: ಎಂಡ್ ಆಗಲು ಎಷ್ಟು ತೂಕ ಏರಿಸಬೇಕು?

ಎನ್‌ಎಫ್‌ಎಲ್‌ನ ಎಡ್ಜ್ (ಅಂಚಿನ) ಆಟಗಾರರು ಸಾಮಾನ್ಯವಾಗಿ 245ರಿಂದ 270 ಪೌಂಡ್. ಆ ಅಂಕಿ ಹದಿನಾರರ ಹುಡುಗನಿಗೆ ಗುರಿಯಲ್ಲ. ವಾರಕ್ಕೆ ಅರ್ಧದಿಂದ ಒಂದು ಪೌಂಡ್ ಏರಿದರೆ ಸಾಕು, ಅಂದರೆ ನಾಲ್ಕು ತಿಂಗಳಿಗೆ ಹೆಚ್ಚೆಂದರೆ 17 ಪೌಂಡ್. ಎರಡು ವಾರಕ್ಕೊಮ್ಮೆ 10 ಗಜದ ಓಟದ ಸಮಯ ಬರೆದಿಡಿ. ತೂಕ ಏರುತ್ತ ಆ ಸಮಯವೂ ಏರಿದರೆ ಅಲ್ಲಿಗೆ ನಿಲ್ಲಿಸಿ.

ಪ್ರಶ್ನೆ: ಜಾಗ ಬದಲಾದರೆ ಜರ್ಸಿ ಸಂಖ್ಯೆಯೂ ಬದಲಾಗಬೇಕೇ?

ಹೈಸ್ಕೂಲಿನಲ್ಲಿ ಬೇಡ. ಸಂಖ್ಯೆಯ ಕಟ್ಟುಪಾಡು ಇರುವುದು ದಾಳಿಯ ಲೈನಿನವರಿಗೆ (50–79), ರಕ್ಷಣೆಯವರಿಗಲ್ಲ.

ಪ್ರಶ್ನೆ: ಬದಲಾವಣೆ ಕೈಗೂಡಿತೋ ಇಲ್ಲವೋ ಎಂದು ಯಾವಾಗ ತೀರ್ಮಾನಿಸಬೇಕು?

ಸ್ಯಾಕ್‌ಗಳ, ಓಡುವವನನ್ನು ಕೆಡವಿದ ಟ್ಯಾಕಲ್‌ಗಳ ಲೆಕ್ಕದಿಂದ ತೀರ್ಮಾನಿಸಬೇಡಿ. ಎದುರಾಳಿ ದುರ್ಬಲನಾದರೆ ಆ ಲೆಕ್ಕ ಉಬ್ಬುತ್ತದೆ. ವಿಡಿಯೊ ನೋಡುತ್ತ ಪ್ರತಿ ಸ್ನ್ಯಾಪ್‌ಗೆ ಮೂರು ಗುರುತು ಹಾಕಿ: ಸರಿಯಾದ ಜಾಗದಲ್ಲಿ ನಿಂತನೇ, ಮೊದಲ ಹೆಜ್ಜೆ ಸರಿಯೇ, ವಹಿಸಿದ ಕೆಲಸ ಮುಗಿಸಿದನೇ. ನಾಲ್ಕು ಪಂದ್ಯಗಳಾದ ಮೇಲೆ ಮೊದಲೆರಡು ಸರಿಯಿದ್ದು ಮೂರನೆಯದು ತಪ್ಪುತ್ತಿದ್ದರೆ ಕೊರತೆ ಬಲದ್ದು ಅಥವಾ ಕೈಚಳಕದ್ದು. ಅದು ಒಂದು ಆಫ್‌ಸೀಸನ್‌ನಲ್ಲಿ ಬರುತ್ತದೆ, ಕಾಯಿರಿ. ನಾಲ್ಕನೆಯ ಪಂದ್ಯದಲ್ಲೂ ಮೊದಲ ಹೆಜ್ಜೆಯೇ ಅರ್ಧಕ್ಕರ್ಧ ತಪ್ಪುತ್ತಿದ್ದರೆ ಕೋಚ್ ಜೊತೆ ಕುಳಿತು ಹಳೆಯ ಜಾಗದ ಮಾತು ತೆಗೆಯಿರಿ. ಆದರೆ ಆ ನಾಲ್ಕು ಪಂದ್ಯಗಳಲ್ಲಿ ಅವನನ್ನು ಒಂದೇ ಜಾಗದಲ್ಲಿ, ಒಂದೇ ಬದಿಯಲ್ಲಿ ನಿಲ್ಲಿಸಿರಬೇಕು. ವಾರಕ್ಕೊಂದು ಕಡೆ ನಿಲ್ಲಿಸಿದ್ದರೆ ಲೆಕ್ಕವನ್ನು ಮೊದಲಿನಿಂದ ಶುರು ಮಾಡಿ.